ಇಂಗ್ಲೆಂಡಿನ ಹಳ್ಳಿಗಾಡು: ನೋಟದೊಳಗಿನ ಮರೆವು

ಇಂಗ್ಲೆಂಡಿನ ಹಳ್ಳಿಗಾಡನ್ನು ನೋಡಲು ಹೋಗುವವರಿಗಾಗಿ ಬರೆದ ಕೈಪಿಡಿಗಳೆಲ್ಲ ಹೆಚ್ಚೂಕಡಿಮೆ ಒಂದೇ ಧಾಟಿಯಲ್ಲಿ ಇರುತ್ತವೆ. ಕಾಟ್ಸ್‌ವೋಲ್ಡ್ಸ್ ಪ್ರದೇಶದ ಜೇನುಬಣ್ಣದ ಕಲ್ಲುಮನೆಗಳು, ಲೇಕ್ ಡಿಸ್ಟ್ರಿಕ್ಟಿನ ಸರೋವರಗಳು, ಡರ್ಬಿಶೈರಿನ ಗುಡ್ಡಸಾಲುಗಳು, ಡಾರ್ಸೆಟ್ಟಿನ ಹುಲ್ಲುಹೊದಿಕೆಯ ಮನೆಗಳು, ಇವುಗಳ ನಡುನಡುವೆ ಹಳೆಯ ಶ್ರೀಮಂತ ಮನೆತನಗಳ ಮಹಲುಗಳು. ಇವನ್ನೆಲ್ಲ ವರ್ಣಿಸುವಾಗ ಕೈಪಿಡಿಗಳು ಬಿಡದೆ ಬಳಸುವ ಒಂದು ಮಾತಿದೆ: ಇಲ್ಲಿ ಕಾಲ ನಿಂತುಹೋಗಿದೆ. ಓದುಗರಿಗೆ ಇದು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ಯಾವ ಊರಿನಲ್ಲೂ ಕಾಲ ತಾನಾಗಿ ನಿಲ್ಲುವುದಿಲ್ಲ. ಯಾರೋ ನಿಲ್ಲಿಸಿರುತ್ತಾರೆ. ಯಾರು ನಿಲ್ಲಿಸಿದರು, ಯಾರ ದುಡ್ಡಿನಿಂದ ನಿಲ್ಲಿಸಿದರು, ಹಾಗೆ ನಿಲ್ಲಿಸುವಾಗ ಯಾರನ್ನು ಆಚೆಗೆ ಕಳಿಸಿದರು ಎಂದು ಕೇಳದ ಕೈಪಿಡಿ ನಮಗೆ ನೋಟವನ್ನು ಮಾತ್ರ ಕೊಡುತ್ತದೆ, ನೆಲವನ್ನು ಕೊಡುವುದಿಲ್ಲ.

ಈ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ರೇಮಂಡ್ ವಿಲಿಯಮ್ಸ್ ಮುಖ್ಯರು. ವೇಲ್ಸ್ ಗಡಿನಾಡಿನ ಒಂದು ಹಳ್ಳಿಯಲ್ಲಿ ರೈಲ್ವೆ ಸಿಗ್ನಲ್‌ಮನ್ ಒಬ್ಬರ ಮಗನಾಗಿ ಹುಟ್ಟಿದ ಈ ವಿಮರ್ಶಕರು 1973ರಲ್ಲಿ 'ದಿ ಕಂಟ್ರಿ ಅಂಡ್ ದಿ ಸಿಟಿ' ಎಂಬ ಪುಸ್ತಕ ಬರೆದರು. ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರತಿಯೊಂದು ತಲೆಮಾರೂ ಹಳ್ಳಿಯ ಸುವರ್ಣಕಾಲ ಈಗಷ್ಟೇ, ತನ್ನ ಬಾಲ್ಯದಲ್ಲೇ ಮುಗಿದುಹೋಯಿತು ಎಂದು ಕೊರಗುತ್ತದೆ. ಹಿಂದಿನ ತಲೆಮಾರನ್ನು ಕೇಳಿದರೆ ಅದೂ ಇದೇ ಮಾತು ಹೇಳುತ್ತದೆ. ಹೀಗೆ ಹುಡುಕುತ್ತಾ ಹೋದರೆ ಆ ಸುವರ್ಣಕಾಲ ಎಲ್ಲೂ ಕೈಗೆ ಸಿಗುವುದಿಲ್ಲ. ವಿಲಿಯಮ್ಸ್ ತೋರಿಸಿಕೊಟ್ಟದ್ದು ಇದನ್ನು. ಪ್ರವಾಸೋದ್ಯಮವು ಇಂದು ಮಾರುತ್ತಿರುವುದು ಸಿಗದೇ ಹೋದ ಆ ಕಾಲವನ್ನೇ.

ಎತ್ತಂಗಡಿಯಾದ ಊರುಗಳು

ಕೆಲವು ಪ್ರೇಕ್ಷಣೀಯ ಸ್ಥಳಗಳನ್ನೇ ಹತ್ತಿರದಿಂದ ನೋಡೋಣ. ಡಾರ್ಸೆಟ್ ಕೌಂಟಿಯ ಮಿಲ್ಟನ್ ಅಬಾಸ್ ಇಂಗ್ಲೆಂಡಿನ ಅತಿ ಸುಂದರ ಹಳ್ಳಿಗಳ ಪಟ್ಟಿಯಲ್ಲಿ ಸದಾ ಇರುವ ಹೆಸರು. ಒಂದೇ ಅಳತೆಯ, ಒಂದೇ ಚಹರೆಯ 36 ಬಿಳಿಗೋಡೆಯ ಮನೆಗಳು ಬೀದಿಯ ಎರಡೂ ಬದಿಯಲ್ಲಿ ನಿಂತಿವೆ. ಚಿತ್ರ ಬರೆದಂತೆ ಕಾಣುವ ಈ ಊರು ನಿಜಕ್ಕೂ ಚಿತ್ರ ಬರೆದು ಕಟ್ಟಿದ ಊರೇ. 18ನೇ ಶತಮಾನದ ಕೊನೆಯ ಭಾಗದಲ್ಲಿ ಲಾರ್ಡ್ ಮಿಲ್ಟನ್ ಎಂಬ ಜಮೀನ್ದಾರನಿಗೆ ತನ್ನ ಮಹಲಿನ ಪಕ್ಕದಲ್ಲಿದ್ದ ಮಿಡಲ್‌ಟನ್ ಎಂಬ ಸಂತೆಪೇಟೆ ಕಣ್ಣಿಗೆ ಕಿರಿಕಿರಿಯಾಯಿತು. ಅವನು ಮನೆಗಳನ್ನು ಒಂದೊಂದಾಗಿ ಕೆಡವಿಸಿದ. ಕಿಟಕಿಯಿಂದ ಕಾಣಿಸದ ಒಂದು ಕಣಿವೆಯಲ್ಲಿ 1780ರ ಹೊತ್ತಿಗೆ ಹೊಸ ಹಳ್ಳಿಯನ್ನು ಕಟ್ಟಿಸಿದ. ಪೇಟೆ ಇದ್ದ ಕಡೆ ಹುಲ್ಲುಹಾಸು ಬಂತು, ಕೆರೆ ಬಂತು. ಆ ಕಾಲದ ಹೆಸರಾಂತ ಉದ್ಯಾನ ವಿನ್ಯಾಸಕ ಕೇಪಬಿಲಿಟಿ ಬ್ರೌನ್ ಈ ಕೆಲಸದಲ್ಲಿ ಕೈಜೋಡಿಸಿದ್ದ. ಇಂದು ಪ್ರವಾಸಿಗಳು ಎರಡನ್ನೂ ಮೆಚ್ಚುತ್ತಾರೆ: ಪೇಟೆಯನ್ನು ಅಳಿಸಿ ಮಾಡಿದ ಕೆರೆಯನ್ನೂ, ಪೇಟೆಯವರನ್ನು ಸಾಗಿಸಿದ ಹಳ್ಳಿಯನ್ನೂ.

ಡರ್ಬಿಶೈರಿನ ಚಾಟ್ಸ್‌ವರ್ತ್ ಮಹಲಿನ ಕತೆಯೂ ಇದಕ್ಕೆ ಹತ್ತಿರದ್ದೇ. ಡೆವನ್‌ಶೈರ್ ಡ್ಯೂಕರ ಈ ಮನೆಯಿಂದ ಕಾಣುತ್ತಿದ್ದ ಎಡೆನ್ಸರ್ ಹಳ್ಳಿಯ ಮನೆಗಳನ್ನು ಬೇರೆ ಬೇರೆ ಹಂತಗಳಲ್ಲಿ ತೆಗೆದುಹಾಕಲಾಯಿತು. 1830ರ ದಶಕದ ಕೊನೆಯಲ್ಲಿ ಆರನೆಯ ಡ್ಯೂಕ್ ಗುಡ್ಡದ ಮರೆಯಲ್ಲಿ ಹೊಸ ಎಡೆನ್ಸರನ್ನು ಕಟ್ಟಿಸಿದ. ಕಾಟ್ಸ್‌ವೋಲ್ಡ್ಸ್‌ನ ಬೈಬರಿಯಲ್ಲಿ ಎತ್ತಂಗಡಿ ನಡೆಯಲಿಲ್ಲ. ಅಲ್ಲಿನ ಆರ್ಲಿಂಗ್ಟನ್ ರೋ ಎಂಬ ಮನೆಸಾಲಿನ ಮುಂದೆ ಇಂದು ಬಸ್ಸುಗಟ್ಟಲೆ ಜನ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಬಡ ನೇಕಾರರ ಮನೆಗಳಾಗಿದ್ದವು. ತಗ್ಗಿದ ಛಾವಣಿ, ಪುಟ್ಟ ಕಿಟಕಿಗಳು ನಮಗೆ ಮುದ್ದಾಗಿ ಕಾಣುತ್ತವೆ. ಅದರೊಳಗೆ ಮಗ್ಗದ ಮುಂದೆ ಬಗ್ಗಿ ಕೂತವನಿಗೆ ಆ ಕಿಟಕಿಯಿಂದ ಬರುತ್ತಿದ್ದ ಬೆಳಕು ಎಷ್ಟು ಎಂಬುದನ್ನು ಯಾವ ಫೋಟೋವೂ ಹೇಳುವುದಿಲ್ಲ.

ಇವು ಬಿಡಿ ಪ್ರಸಂಗಗಳಲ್ಲ. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗದಷ್ಟು ನೆಲ ಇವುಗಳ ವ್ಯಾಪ್ತಿಗೆ ಬಂತು. ಊರಿಗೆಲ್ಲ ಸೇರಿದ್ದ ಗೋಮಾಳ, ಸೌದೆ ಆರಿಸುವ ಕುರುಚಲು ಕಾಡು, ಒಟ್ಟಾಗಿ ಉಳುತ್ತಿದ್ದ ಹೊಲ ಎಲ್ಲವೂ ಹಂಚಿಕೆಯಾಗಿ ಖಾಸಗಿ ಆಸ್ತಿಯಾದವು. ದನ ಕಟ್ಟಿಕೊಂಡು ಬದುಕುತ್ತಿದ್ದವರು ಕೂಲಿಯವರಾದರು, ಇಲ್ಲವೇ ಕಾರ್ಖಾನೆ ಪಟ್ಟಣಗಳ ದಾರಿ ಹಿಡಿದರು. ಕೈಪಿಡಿಗಳು 'ಇಂಗ್ಲೆಂಡಿನ ಹಸಿರು ಕಂಬಳಿ' ಎಂದು ಕೊಂಡಾಡುವ ಚೌಕುಳಿ ಹೊಲಗಳಲ್ಲಿ, ನೇರ ಗೆರೆ ಎಳೆದಂತಿರುವ ಜೀವಂತ ಬೇಲಿಗಳಲ್ಲಿ ಎಷ್ಟೋ ಮೂಡಿದ್ದು ಹೀಗೆ, ಸರ್ವೆಯವರ ಅಳತೆಪಟ್ಟಿಯಿಂದ. ಹೊಲದ ಕೂಲಿಕಾರನ ಮಗನಾದ ಕವಿ ಜಾನ್ ಕ್ಲೇರ್‌ನ ಊರು ಹೆಲ್ಪ್‌ಸ್ಟನ್‌ಗೆ 1809ರ ಕಾಯ್ದೆಯಿಂದ ಬೇಲಿ ಬಿತ್ತು. ತಾನು ಓಡಾಡಿದ ದಾರಿಗಳು ಮುಚ್ಚಿಹೋದ ಸಂಕಟ ಅವನ ಕಾವ್ಯದ ಉದ್ದಕ್ಕೂ ಇದೆ. ಪ್ರವಾಸಿ ಮೆಚ್ಚುವ ಬೇಲಿಯನ್ನೇ ನೋಡಿ ಆ ಊರಿನ ಕವಿ ಅತ್ತಿದ್ದಾನೆ. ಎರಡು ಕಣ್ಣುಗಳ ನಡುವಿನ ಈ ಅಂತರವೇ ವಿಮರ್ಶೆ ಶುರುವಾಗಬೇಕಾದ ಜಾಗ.

ಹೊರಗಿನಿಂದ ಬಂದ ಸಿರಿ

ಇದು ಒಳಗಿನಿಂದ ತೆಗೆದದ್ದರ ಕತೆಯಾಯಿತು. ಹೊರಗಿನಿಂದ ತಂದದ್ದರ ಕತೆ ಇನ್ನೊಂದಿದೆ. ಕಾಟ್ಸ್‌ವೋಲ್ಡ್ಸ್‌ನಲ್ಲೇ, ಓಕ್ ಮರಗಳ ನಡುವೆ, ಈರುಳ್ಳಿ ಆಕಾರದ ಹಸಿರು ತಾಮ್ರದ ಗುಮ್ಮಟ ಹೊತ್ತ ಒಂದು ಮಹಲು ಇದೆ. ಅದರ ಹೆಸರು ಸೆಜಿನ್‌ಕೋಟ್. ಮೊಗಲ್ ಶೈಲಿಯ ಕಮಾನುಗಳು, ಮೂಲೆಗಳಲ್ಲಿ ಪುಟ್ಟ ಛತ್ರಿಗಳು, ತೋಟದಲ್ಲಿ ಸೂರ್ಯನ ಗುಡಿ, ತೊರೆಯ ಮೇಲಿನ ಸೇತುವೆಯಲ್ಲಿ ಕೂತ ನಂದಿಗಳು. ಕಂಪನಿ ಸೈನ್ಯದ ಕರ್ನಲ್ ಆಗಿದ್ದ ಜಾನ್ ಕಾಕ್ರೆಲ್ 1795ರಲ್ಲಿ ಈ ಎಸ್ಟೇಟನ್ನು ಕೊಂಡ. 1798ರಲ್ಲಿ ಅವನು ಸತ್ತ ಮೇಲೆ ಬಂಗಾಳದಲ್ಲಿ ಕಂಪನಿಯ ನೌಕರಿ ಮಾಡಿ ಸಿರಿವಂತನಾಗಿದ್ದ ತಮ್ಮ ಚಾರ್ಲ್ಸ್‌ಗೆ ಅದು ಬಂತು. ಇನ್ನೊಬ್ಬ ಸಹೋದರ ಸ್ಯಾಮ್ಯುಯಲ್ ವಾಸ್ತುಶಿಲ್ಪಿ. ಸುಮಾರು 1805ರಲ್ಲಿ ಕಟ್ಟಡದ ನಕ್ಷೆ ಮಾಡಿದವನು ಅವನು. ತೋಟಕ್ಕೆ ಸಲಹೆ ಕೊಟ್ಟವನು ಭಾರತವನ್ನು ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್. 1807ರಲ್ಲಿ ಇಲ್ಲಿಗೆ ಬಂದ ಯುವರಾಜ ಈ ಮನೆಯನ್ನು ಕಂಡು ಬೆರಗಾದ. ಸಮುದ್ರತೀರದ ಬ್ರೈಟನ್ನಿನಲ್ಲಿ ಅವನು ಮುಂದೆ ಕಟ್ಟಿಸಿದ ಗುಮ್ಮಟಗಳ ರಾಯಲ್ ಪೆವಿಲಿಯನ್‌ಗೆ ಇಲ್ಲಿನ ಪ್ರೇರಣೆಯೂ ಇತ್ತೆಂದು ಹೇಳುತ್ತಾರೆ.

ಸೆಜಿನ್‌ಕೋಟನ್ನು ಕೈಪಿಡಿಗಳು 'ವಿಚಿತ್ರ', 'ಮೋಜಿನ ಕಲ್ಪನೆ' ಎಂದು ಕರೆಯುತ್ತವೆ. ವಿಮರ್ಶೆಯ ದೃಷ್ಟಿಯಿಂದ ಇದು ತಲೆಕೆಳಗಾದ ಮಾತು. ಹಾಗೆ ನೋಡಿದರೆ ಕಂಪನಿಯ ದುಡ್ಡಿನ ಮಹಲುಗಳಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಇದೇ. ಬರ್ಕ್‌ಶೈರಿನ ಬ್ಯಾಸಿಲ್ಡನ್ ಪಾರ್ಕ್ ನೋಡಿ. ಬಂಗಾಳದಲ್ಲಿ ಕಂಪನಿಯ ಅಧಿಕಾರಿಯಾಗಿ ದುಡ್ಡು ಮಾಡಿದ ಫ್ರಾನ್ಸಿಸ್ ಸೈಕ್ಸ್ ಕಟ್ಟಿಸಿದ ಮನೆ ಅದು. ಸರ್ರೆಯ ಕ್ಲೇರ್‌ಮಾಂಟ್ ರಾಬರ್ಟ್ ಕ್ಲೈವ್ ಕಟ್ಟಿಸಿದ್ದು. ಅವು ಹೊರಮೈಯಲ್ಲಿ ಇಟಲಿಯ ಕಂಬಸಾಲುಗಳನ್ನು ತೊಟ್ಟು ನಿಂತಿವೆ. ನೋಡುವವನಿಗೆ ಅಲ್ಲಿ ರೋಮ್ ನೆನಪಾಗುತ್ತದೆ, ಮುರ್ಷಿದಾಬಾದ್ ನೆನಪಾಗುವುದಿಲ್ಲ. ಸೆಜಿನ್‌ಕೋಟ್ ತನ್ನ ದುಡ್ಡಿನ ಮೂಲವನ್ನು ಮೈಮೇಲೆ ಬರೆದುಕೊಂಡಿದೆ. ಉಳಿದವು ಅದನ್ನು ಸುಣ್ಣದ ಗೋಡೆಯ ಹಿಂದೆ ಬಚ್ಚಿಟ್ಟಿವೆ.

ಇಂಗ್ಲೆಂಡ್ ದಾಟಿ ವೇಲ್ಸ್‌ಗೆ ಕಾಲಿಟ್ಟ ಕೂಡಲೇ ಸಿಗುವ ಪೋವಿಸ್ ಕೋಟೆಯನ್ನೂ ಇಲ್ಲಿ ನೆನೆಯಬೇಕು. ಕನ್ನಡಿಗರಿಗೆ ಅದು ದೂರದ ಊರಲ್ಲ. ಕ್ಲೈವ್‌ನ ಮಗ ಎಡ್ವರ್ಡ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ಶ್ರೀರಂಗಪಟ್ಟಣ ಬಿದ್ದದ್ದು ಅವನ ಕಾಲದಲ್ಲೇ, 1799ರಲ್ಲಿ. ಅವನ ಹೆಂಡತಿ ಹೆನ್ರಿಯೆಟಾ 1800ರಲ್ಲಿ ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳಿಗೆ ಬಂದು ಹೋದಳು. ಟಿಪ್ಪು ಸುಲ್ತಾನನ ಸಿಂಹಾಸನದ ಒಂದು ಹುಲಿತಲೆ, ಅವನದೆನ್ನಲಾದ ಹೂಬಳ್ಳಿ ಚಿತ್ತಾರದ ಹತ್ತಿಬಟ್ಟೆಯ ಡೇರೆ ಪೋವಿಸ್‌ನಲ್ಲಿವೆ. ಆ ಡೇರೆಯನ್ನು ಮನೆತನದವರು ಕೆಲಕಾಲ ತೋಟದ ಸಂತೋಷಕೂಟಗಳಿಗೆ ನೆರಳಾಗಿ ಬಳಸುತ್ತಿದ್ದರು. ದಂಡಿನ ಜತೆ ಊರೂರು ಸುತ್ತಿದ ಬಟ್ಟೆಯ ಕೆಳಗೆ ಚಹಾ ಕುಡಿದವರು ಅದನ್ನು ಅವಮಾನ ಎಂದು ಭಾವಿಸಿರಲಾರರು. ಅವರಿಗೆ ಅದು ಒಂದು ಚಂದದ ಬಟ್ಟೆಯಾಗಿತ್ತು, ಅಷ್ಟೇ. ಮರೆವು ಕೆಲಸ ಮಾಡುವುದು ಹೀಗೆ. ಅದಕ್ಕೆ ದ್ವೇಷ ಬೇಕಿಲ್ಲ, ವಸ್ತುವಿನಿಂದ ಅದರ ಕತೆಯನ್ನು ಬಿಡಿಸಿಬಿಟ್ಟರೆ ಸಾಕು.

ವಸ್ತುಗಳು ಮಾತ್ರವಲ್ಲ, ಮನುಷ್ಯರೂ ಬಂದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ 1914ರ ಕೊನೆಯಲ್ಲಿ ಬ್ರೈಟನ್ನಿನ ಅದೇ ರಾಯಲ್ ಪೆವಿಲಿಯನ್ ಆಸ್ಪತ್ರೆಯಾಯಿತು. ಅಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಮಂದಿಯನ್ನು ಊರಾಚೆ ಸೌತ್ ಡೌನ್ಸ್ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಎದ್ದಿತು. ಮುಸ್ಲಿಮ್ ಸಿಪಾಯಿಗಳನ್ನು ಸರ್ರೆಯ ವೋಕಿಂಗ್ ಮಸೀದಿಗೆ ಹತ್ತಿರದ ಹಾರ್ಸೆಲ್ ಕಾಮನ್ ಎಂಬ ಬಯಲಿನಲ್ಲಿ ದಫನ ಮಾಡಿದರು. ಪೈನ್ ಮರಗಳ ನಡುವೆ ಗುಮ್ಮಟದ ಬಾಗಿಲಿರುವ ಆ ಖಬರಸ್ತಾನ 1917ರಲ್ಲಿ ಪೂರ್ಣಗೊಂಡಿತು. ಕಿಡಿಗೇಡಿಗಳ ಹಾವಳಿಯಿಂದಾಗಿ 1960ರ ದಶಕದ ಕೊನೆಯಲ್ಲಿ ಅವಶೇಷಗಳನ್ನು ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಬೇಕಾಯಿತು. ಪಾಳುಬಿದ್ದ ಆವರಣವನ್ನು ದುರಸ್ತಿ ಮಾಡಿ 2015ರಲ್ಲಿ ಶಾಂತಿ ಉದ್ಯಾನವಾಗಿಸಿದರು. ಹಾರ್ಸೆಲ್ ಕಾಮನ್ ಎಂದರೆ ಇಂಗ್ಲಿಷ್ ಓದುಗರಿಗೆ ಥಟ್ಟನೆ ನೆನಪಾಗುವುದು ಎಚ್.ಜಿ. ವೆಲ್ಸ್‌ರ ಕಾದಂಬರಿ, ಅದರಲ್ಲಿ ಮಂಗಳಗ್ರಹದವರು ಬಂದಿಳಿಯುವುದು ಇದೇ ಬಯಲಿಗೆ. ಬಾರದೇ ಇದ್ದ ಮಂಗಳಗ್ರಹದವರ ನೆನಪು ಗಟ್ಟಿಯಾಗಿ ಉಳಿಯಿತು. ನಿಜವಾಗಿ ಬಂದು ಮಣ್ಣಾದವರನ್ನು ನೆನೆಯಲು ಅರ್ಧ ಶತಮಾನದ ಮೇಲೆ ದುರಸ್ತಿ ಕಾರ್ಯಕ್ರಮವೊಂದು ಬೇಕಾಯಿತು.

ಪಟ್ಟಿಯ ಜಗಳ

ಇಂಗ್ಲೆಂಡಿನವರು ಇದನ್ನೆಲ್ಲ ಯೋಚಿಸಿಲ್ಲವೆಂದಲ್ಲ. ಬಡವರಿಗೂ ಗಾಳಿ ಬೆಳಕು ಬೇಕೆಂದು ದುಡಿದ ಆಕ್ಟೇವಿಯಾ ಹಿಲ್ ಮತ್ತು ಇಬ್ಬರು ಸಂಗಾತಿಗಳು 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ತೆರಿಗೆ ಭಾರಕ್ಕೆ ಕುಸಿಯುತ್ತಿದ್ದ ಮಹಲುಗಳನ್ನು ಮಾಲೀಕರಿಂದ ಪಡೆದು ಕಾಪಾಡುವ ಯೋಜನೆ 1937ರ ಸುಮಾರಿಗೆ ಅದರೊಳಗೆ ಬಂತು. ಜನರ ಬಯಲಿಗಾಗಿ ಹುಟ್ಟಿದ ಸಂಸ್ಥೆ ನಿಧಾನವಾಗಿ ಜಮೀನ್ದಾರರ ಮನೆಗಳ ಕಾವಲುಗಾರನೂ ಆಯಿತು. 50 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ಟ್ರಸ್ಟ್ 2020ರ ಸೆಪ್ಟೆಂಬರಿನಲ್ಲಿ ಒಂದು ವರದಿ ಪ್ರಕಟಿಸಿತು. ತನ್ನ ಉಸ್ತುವಾರಿಯ 93 ಸ್ಥಳಗಳಿಗೆ ವಸಾಹತುಶಾಹಿ ಅಥವಾ ಗುಲಾಮಗಿರಿಯ ನಂಟಿದೆ ಎಂದು ಅದು ಹೇಳಿತು. ಚರ್ಚಿಲ್ ಅವರ ಮನೆ ಚಾರ್ಟ್‌ವೆಲ್ ಕೂಡ ಆ ಪಟ್ಟಿಯಲ್ಲಿತ್ತು. ದೊಡ್ಡ ಗದ್ದಲವಾಯಿತು. ಪತ್ರಿಕೆಗಳು, ಸಂಸದರು ಹರಿಹಾಯ್ದರು. ವರದಿಯ ಸಂಪಾದಕರಲ್ಲಿ ಒಬ್ಬರಾದ ಪ್ರೊಫೆಸರ್ ಕಾರಿನ್ ಫೌಲರ್ ಅವರಿಗೆ ನಿಂದನೆ, ಬೆದರಿಕೆಗಳು ಬಂದವು. ಟ್ರಸ್ಟ್ ಕಾನೂನು ಮೀರಿಲ್ಲವೆಂದು ದತ್ತಿ ಆಯೋಗ 2021ರಲ್ಲಿ ಹೇಳಬೇಕಾಯಿತು.

ವಿರೋಧಿಸಿದವರ ವಾದವನ್ನು ನಾವು ತಳ್ಳಿಹಾಕಬೇಕಾಗಿಲ್ಲ. ವಾರವೆಲ್ಲ ದುಡಿದು ಭಾನುವಾರ ಮಕ್ಕಳನ್ನು ಕರೆದುಕೊಂಡು ತೋಟ ನೋಡಲು ಬಂದವನಿಗೆ ಪಾಪದ ಲೆಕ್ಕಪತ್ರ ಯಾಕೆ ಒಪ್ಪಿಸುತ್ತೀರಿ ಎಂದು ಅವರು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಆದರೆ ಮಹಲಿನ ಫಲಕ ಹಿಂದೆಯೂ ಲೆಕ್ಕ ಒಪ್ಪಿಸುತ್ತಲೇ ಇತ್ತು: ಯಾವ ಡ್ಯೂಕ್, ಯಾವ ಶಿಲ್ಪಿ, ಯಾವ ವರ್ಷ, ಊಟದ ಮನೆಯ ಛಾವಣಿಗೆ ಎಷ್ಟು ಚಿನ್ನದ ರೇಕು. ಲೆಕ್ಕದ ಒಂದು ಬದಿ ಓದಿದರೆ ಸಂಸ್ಕೃತಿ, ಇನ್ನೊಂದು ಬದಿ ಓದಿದರೆ ರಾಜಕೀಯ ಎನ್ನುವುದು ನ್ಯಾಯವಾದ ಮಾತಲ್ಲ.

ನಮ್ಮ ತಕರಾರು ಬೇರೆ ಇದೆ, ಅದು ವರದಿಯ ಬಗ್ಗೆಯೇ. ಆ ಪಟ್ಟಿಯೂ ಕೊನೆಗೆ ಮಾಲೀಕರ ಪಟ್ಟಿಯೇ. ಯಾವ ಮನೆಯ ಯಜಮಾನನಿಗೆ ಎಲ್ಲಿಂದ ಆದಾಯ ಬಂತು ಎಂಬ ಶೋಧನೆ ಅಲ್ಲಿದೆ. ಡೇರೆಯ ಬಟ್ಟೆಗೆ ಬಣ್ಣ ಹಾಕಿದ ಕೈ, ಮಿಡಲ್‌ಟನ್ನಿನಲ್ಲಿ ಅಂಗಡಿ ಮುಚ್ಚಿ ಗಂಟುಮೂಟೆ ಕಟ್ಟಿದ ಸಂಸಾರ, ಎರಡೂ ಇಂಥ ಪಟ್ಟಿಗೆ ಸಿಗುವುದಿಲ್ಲ. ಹೀಗಾಗಿ ಜಗಳವು 'ಬಿಳಿಯರ ಪರಂಪರೆ' ಮತ್ತು 'ಕರಿಯರ, ಕಂದುಬಣ್ಣದವರ ದೂರು' ಎಂಬ ಎರಡು ಬಣಗಳಾಗಿ ಒಡೆಯಿತು. ವಾಸ್ತವದಲ್ಲಿ ಇಂಗ್ಲಿಷ್ ಕೂಲಿಕಾರನ ಗೋಮಾಳಕ್ಕೆ ಬೇಲಿ ಹಾಕಿದ ವರ್ಗವೂ, ಬಂಗಾಳದ ರೈತನಿಂದ ಕಂದಾಯ ಹಿಂಡಿ ತಂದ ವರ್ಗವೂ ಮದುವೆ, ವ್ಯಾಪಾರ, ಪಾರ್ಲಿಮೆಂಟುಗಳಲ್ಲಿ ಒಂದಾಗಿ ಬೆರೆತಿತ್ತು. ಹೀಗಿರುವಾಗ ಆ ಕೂಲಿಕಾರನ ಮೊಮ್ಮಕ್ಕಳು ಮಹಲಿನ ಮಾನ ಕಾಯಲು ಏಕೆ ನಿಲ್ಲಬೇಕು? ಫೌಲರ್ 2024ರಲ್ಲಿ ಪ್ರಕಟಿಸಿದ 'ಅವರ್ ಐಲ್ಯಾಂಡ್ ಸ್ಟೋರೀಸ್' ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಬ್ರಿಟನ್ನಿನ ಗ್ರಾಮಾಂತರದಲ್ಲಿ ಹತ್ತು ನಡಿಗೆಗಳು, ಪ್ರತಿ ನಡಿಗೆಗೂ ಜೊತೆಗಾರರು. ಪಟ್ಟಿ ಮಾಡುವುದಕ್ಕಿಂತ ನಡೆಯುವುದು ಒಳ್ಳೆಯ ವಿಧಾನ. ನಡೆಯುವವನಿಗೆ ಮಹಲಿನ ಜೊತೆಗೆ ಅದರ ಹಿಂದಿನ ಗಣಿ, ಗಿರಣಿ, ಕೂಲಿಯವರ ಮನೆಯೂ ದಾರಿಯಲ್ಲೇ ಸಿಗುತ್ತವೆ.

ನಡೆಯುವವರ ಹಕ್ಕು

ನಡೆಯುವ ಹಕ್ಕು ಕೂಡ ಯಾರೂ ಬಿಟ್ಟಿಯಾಗಿ ಕೊಟ್ಟದ್ದಲ್ಲ. ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟವನ್ನು ಜಮೀನ್ದಾರರು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಮುತ್ತಲಿನ ಸುಮಾರು 400 ಮಂದಿ ದುಡಿಯುವ ಯುವಕ ಯುವತಿಯರು ಕಾವಲುಗಾರರನ್ನು ದಾಟಿ ಬೆಟ್ಟ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್ 20 ವರ್ಷದ ಯಹೂದಿ ಕಾರ್ಮಿಕ. ಐವರಿಗೆ ಜೈಲಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1951ರಲ್ಲಿ ಅದೇ ಪೀಕ್ ಡಿಸ್ಟ್ರಿಕ್ಟ್ ಮೊದಲ ಉದ್ಯಾನವಾಯಿತು. ಚಾಟ್ಸ್‌ವರ್ತ್ ಮನೆತನದ ಹನ್ನೊಂದನೆಯ ಡ್ಯೂಕ್ ಆ ಹಳೆಯ ಪ್ರಸಂಗಕ್ಕಾಗಿ 2002ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. 2000ದ ಕಾಯ್ದೆಯ ನಂತರವೂ ಇಂಗ್ಲೆಂಡಿನ ಸುಮಾರು ಶೇಕಡ 8ರಷ್ಟು ನೆಲದಲ್ಲಿ ಮಾತ್ರ ಜನ ಮನಬಂದಂತೆ ಅಲೆಯಬಹುದು. ಉಳಿದ ಕಡೆ ಕಾಲುದಾರಿಯ ಗೆರೆ ಬಿಟ್ಟು ಆಚೀಚೆ ಹೋಗುವಂತಿಲ್ಲ. ಡಾರ್ಟ್‌ಮೂರ್ ಬಯಲಿನಲ್ಲಿ ರಾತ್ರಿ ಡೇರೆ ಹಾಕಿ ಮಲಗುವ ಹಕ್ಕನ್ನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಮೇ ತಿಂಗಳಲ್ಲಿ ತೀರ್ಪು ನಡೆಯುವವರ ಪರವಾಗಿ ಬಂತು.

ಇಷ್ಟೆಲ್ಲ ಗೆದ್ದ ಮೇಲೂ ಒಂದು ಬೇಲಿ ಉಳಿದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗಯಾನಾದಲ್ಲಿ ಹುಟ್ಟಿದ ಛಾಯಾಗ್ರಾಹಕಿ ಇಂಗ್ರಿಡ್ ಪೋಲಾರ್ಡ್ 1980ರ ದಶಕದಲ್ಲೇ ಲೇಕ್ ಡಿಸ್ಟ್ರಿಕ್ಟಿನಲ್ಲಿ ಕಪ್ಪುಜನರ ಚಿತ್ರಗಳನ್ನು ತೆಗೆದು, ಆ ಹಸಿರಿನ ನಡುವೆ ತಮ್ಮನ್ನು ಕಾಡುವ ಅಂಜಿಕೆಯನ್ನು ಎದುರಿಗಿಟ್ಟರು. 2021ರಲ್ಲಿ ಹಾರೂನ್ ಮೋಟಾ ಎಂಬವರು 'ಮುಸ್ಲಿಮ್ ಹೈಕರ್ಸ್' ಎಂಬ ಬಳಗ ಕಟ್ಟಿದರು. ಆ ವರ್ಷದ ಕ್ರಿಸ್‌ಮಸ್ ದಿನ ನೂರಕ್ಕೂ ಹೆಚ್ಚು ಮಂದಿ ಪೀಕ್ ಡಿಸ್ಟ್ರಿಕ್ಟಿನ ಮಾಮ್ ಟೋರ್ ಗುಡ್ಡ ಹತ್ತಿ ಫೋಟೋ ಹಾಕಿದಾಗ, ಇಷ್ಟು ಜನ ಯಾಕೆ ಬಂದರು, ಇದು ನಿಮ್ಮ ಜಾಗವೇ ಎಂಬ ಹೀನಾಯ ಮಾತುಗಳು ಬಂದವು. ಅನೇಕ ಬಿಳಿಯರೇ ಅದನ್ನು ಖಂಡಿಸಿ ಬಳಗದ ಪರ ನಿಂತರು ಎಂಬುದನ್ನೂ ಹೇಳಬೇಕು. ಮಾಮ್ ಟೋರ್‌ನಿಂದ ಕಿಂಡರ್ ಸ್ಕೌಟ್ ಕೂಗಳತೆಯ ದೂರದಲ್ಲಿದೆ. 90 ವರ್ಷಗಳ ಹಿಂದೆ ಕಾರ್ಮಿಕರಿಗೆ ಕೇಳಿದ ಪ್ರಶ್ನೆಯನ್ನೇ ಇವರಿಗೂ ಕೇಳಲಾಯಿತು. ಆಗ ಕೇಳಿದವರು ಕಾವಲುಗಾರರು, ಈಗ ಕೇಳಿದವರು ಸಹಪ್ರವಾಸಿಗಳು. ಫಲಕಗಳ ಮೌನ ಮನಸ್ಸಿಗೆ ಮಾಡುವ ಹಾನಿ ಇದು. ಈ ನೆಲವನ್ನು ಯಾರೆಲ್ಲ ಕಟ್ಟಿದರು ಎಂಬುದು ಗೊತ್ತಿಲ್ಲದವನಿಗೆ ನೆರೆಯವನೂ ಅತಿಥಿಯಂತೆ ಕಾಣುತ್ತಾನೆ, ಅತಿಥಿ ಹೆಚ್ಚು ಹೊತ್ತು ನಿಂತರೆ ಅತಿಕ್ರಮಣಕಾರನಂತೆ.

ಹೀಗಲ್ಲದೆಯೂ ಒಂದು ಪ್ರೇಕ್ಷಣೀಯ ಸ್ಥಳ ಇರಬಹುದೆಂಬುದಕ್ಕೆ ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋ ಹಳ್ಳಿಯಲ್ಲಿ ಸಾಕ್ಷಿಯಿದೆ. ಭಾರತದಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ರೀಡ್ ಆ ಸೀಮೆಯವನು. ಮನೆಯಲ್ಲಿದ್ದ ಕೊನೆಯ ನೀರು ಕುಡಿದನೆಂದು ಒಬ್ಬ ಹುಡುಗನಿಗೆ ತಾಯಿ ಹೊಡೆದದ್ದನ್ನು ಅವನು ಬನಾರಸ್ಸಿನ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಗರಿಗೆ ಹೇಳಿದ್ದನಂತೆ. ಅದನ್ನು ಮರೆಯದ ಮಹಾರಾಜರು ಆ ಹಳ್ಳಿಗೆ ಬಾವಿ ತೋಡಿಸಿಕೊಟ್ಟರು. 368 ಅಡಿ ಆಳದ, ಕೈಯಿಂದಲೇ ತೋಡಿದ ಬಾವಿ 1864ರಲ್ಲಿ ಊರಿಗೆ ನೀರು ಕೊಟ್ಟಿತು. ಮೇಲೆ ಗುಮ್ಮಟ, ಒಳಗೆ ರಾಟೆಯ ಮೇಲೊಂದು ಚಿನ್ನದ ಬಣ್ಣದ ಆನೆ, ಪಕ್ಕದಲ್ಲಿ ನಿರ್ವಹಣೆ ವೆಚ್ಚಕ್ಕೆಂದು ನೆಟ್ಟ ಚೆರ್ರಿ ತೋಟ. ನೀರು ಕೊಡುವುದನ್ನು ಸತ್ತ ಮೇಲೂ ನಿಲ್ಲದ ದಾನವೆಂದು ಬಗೆಯುವ ನಮಗೆ ಈ ಕತೆ ಬೇಗ ಅರ್ಥವಾಗುತ್ತದೆ. 1857ರ ರಕ್ತಪಾತ ಕಳೆದು ಏಳೇ ವರ್ಷ, ಕೊಟ್ಟವನು ಸಾಮ್ರಾಜ್ಯಕ್ಕೆ ನಿಷ್ಠನಾಗಿದ್ದ ರಾಜ ಎಂಬುದೂ ನಮಗೆ ತಿಳಿದಿದೆ. ಆದರೂ ಆ ಗುಮ್ಮಟದ ಸುತ್ತ ಬಾವಿಯನ್ನು ಕೊಟ್ಟವರು ಭಾರತದ ಇಂಥವರು ಎಂದು ಎಲ್ಲರಿಗೂ ಕಾಣುವಂತೆ ಬರೆದಿದೆ. ಅದನ್ನು ಓದಿದ ಯಾವ ಪ್ರವಾಸಿಗೂ ಬಾವಿಯ ಚಂದ ಕಡಿಮೆಯಾಯಿತು ಎನಿಸಿದಂತಿಲ್ಲ. ಮಿಲ್ಟನ್ ಅಬಾಸ್‌ನ ಕೆರೆಯ ದಂಡೆಯಲ್ಲಿ ಮಿಡಲ್‌ಟನ್ನಿನ ಹೆಸರು, ಬ್ಯಾಸಿಲ್ಡನ್ನಿನ ಕಂಬಗಳ ಪಕ್ಕದಲ್ಲಿ ಬಂಗಾಳದ ಹೆಸರು ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಇದ್ದರೆ ಇಂಗ್ಲೆಂಡಿನ ಹಳ್ಳಿಗಾಡು ಕಳೆದುಕೊಳ್ಳುವುದಾದರೂ ಏನನ್ನು?